ಕಾರ್ಖಾನೆಯ ಕಚೇರಿಯೂ ಸ್ಮಾರಕವಾಗಬಲ್ಲುದೆ?

ಹಳೆಯ ಕಟ್ಟಡವೆಂದೊಡನೆ ನಮ್ಮ ಜನರ ಮನಸ್ಸು ಬೇಲೂರು ಹಳೇಬೀಡುಗಳ ಕಡೆಗೋ, ಹಂಪೆಯ ಕಡೆಗೋ, ಮೈಸೂರಿನ ಅರಮನೆಯ ಕಡೆಗೋ ಹರಿಯುವುದು ಸಹಜವಾಗಿದೆ. ದೇವರಿದ್ದ ಸ್ಥಳ, ದೊರೆಯಿದ್ದ ಸ್ಥಳ, ಇವೆರಡೇ ಕಾಪಾಡಲು ಯೋಗ್ಯವಾದುವೆಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಸಾವಿರಾರು ಮಂದಿ ಕೈಮುಗಿದು ನಿಂತ ಮಂಟಪಕ್ಕೆ ಮರ್ಯಾದೆಯುಂಟು. ಸಾವಿರಾರು ಮಂದಿ ತಿಂಗಳು ತಿಂಗಳೂ ಸಾಲಾಗಿ ನಿಂತು ಸಂಬಳವನ್ನು ಪಡೆದ ಕಿಟಕಿಗೆ ಯಾವ ಮರ್ಯಾದೆಯೂ ಇಲ್ಲ. ಆದರೆ ಇಂದಿನ ಬೆಂಗಳೂರನ್ನು, ವಿಶೇಷವಾಗಿ ಅದರ ಪೂರ್ವಭಾಗವನ್ನು, ಬೆಳೆಸಿದುದು ಮಂಟಪಗಳಿಗಿಂತ ಹೆಚ್ಚಾಗಿ ಈ ಕಿಟಕಿಗಳೇ. ಆದುದರಿಂದ ಈ ತಿಂಗಳು ವಾಚಕರ ಮುಂದೆ ಒಂದು ಸಾಮಾನ್ಯವಾದ ವಸ್ತುವನ್ನು ಇಡಲಪೇಕ್ಷಿಸುತ್ತೇನೆ: ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಕಾರ್ಖಾನೆಗಳ ಮುಂಭಾಗದಲ್ಲಿ ಕಟ್ಟಲ್ಪಟ್ಟ ಕಚೇರಿಯ ಮನೆ.

ಮೊದಲು ಶಬ್ದವಿಚಾರವನ್ನು ಮಾಡೋಣ. ಉಪಾಧ್ಯಾಯನಾಗಿದ್ದವನಿಗೆ ಆ ಅಭ್ಯಾಸ ಬಿಡದು. ‘ಕಾರ್ಖಾನೆ’ಯೆಂಬುದು ಪಾರಸೀ ಮಾತು. ‘ಕಾರ್’ ಎಂದರೆ ಕೆಲಸ, ‘ಖಾನಾ’ ಎಂದರೆ ಮನೆ. ಎರಡೂ ಸೇರಿ ಕೆಲಸದ ಮನೆ ಎಂದಾಯಿತು. ‘ಕಚೇರಿ’ಯೂ ‘ಗುಮಾಸ್ತ’ನೂ ಹಾಗೆಯೇ ಹೊರಗಿನಿಂದ ಬಂದು ನಮ್ಮವರಾದವರು. ಆದರೆ ಪದಾರ್ಥವು ಮಾತ್ರ ನಮಗೆ ಹೊಸದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಾರ್ಖಾನೆಗೆ ‘ಕರ್ಮಾಂತ’ವೆಂದೂ, ಲೆಕ್ಕಪತ್ರಗಳ ಕಚೇರಿಗೆ ‘ಅಕ್ಷಪಟಲ’ವೆಂದೂ ಹೆಸರುಗಳಿವೆ. ಆ ಕಚೇರಿಯ ಮನೆಯು ಪೂರ್ವಾಭಿಮುಖವಾಗಿಯೋ ಉತ್ತರಾಭಿಮುಖವಾಗಿಯೋ ಇರಬೇಕೆಂದೂ, ಅಧಿಕಾರಿಗಳಿಗೆ ಬೇರೆ ಬೇರೆ ಪೀಠಸ್ಥಾನಗಳೂ ಲೆಕ್ಕದ ಪುಸ್ತಕಗಳಿಗೆ ನಿಯತವಾದ ಸ್ಥಳವೂ ಇರಬೇಕೆಂದೂ ಅಲ್ಲಿ ವಿಧಿಸಿದೆ. ಕರ್ಮಾಂತಗಳಲ್ಲಿ ಎಷ್ಟು ದ್ರವ್ಯ ಬಳಕೆಯಾಯಿತು, ಎಷ್ಟು ವೃದ್ಧಿ, ಎಷ್ಟು ಕ್ಷಯ, ಕೂಲಿಯೆಷ್ಟು, ಬಿಟ್ಟಿಯ ದುಡಿಮೆಯೆಷ್ಟು ಎಂಬುದನ್ನೆಲ್ಲ ಅಲ್ಲಿ ಬರೆದಿಡಬೇಕಂತೆ. ಈ ಗ್ರಂಥವನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯ ಓಲೆಗಟ್ಟುಗಳಿಂದ ಆರ್. ಶಾಮಾಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚುಮಾಡಿಸಿದರು. ಕಚೇರಿಯ ಕಟ್ಟಡವನ್ನು ಹೇಗೆ ಕಟ್ಟಬೇಕೆಂಬುದು ಶಾಸ್ತ್ರಕಾರನಿಗೂ ಚಿಂತನೆಗೆ ಯೋಗ್ಯವಾದ ವಿಷಯವಾಗಿದ್ದಿತೆಂದು ತಿಳಿದ ಮೇಲೆ, ನಾವು ಅದನ್ನು ಕಡೆಗಣ್ಣಿನಿಂದ ನೋಡುವುದು ಉಚಿತವಲ್ಲ.

ಇನ್ನು ನಮ್ಮ ಊರಿನ ಸಂಗತಿಗೆ ಬರೋಣ. 1809ರಲ್ಲಿ ಇಂಗ್ಲಿಷರು ಹಲಸೂರಿನ ಬಳಿಯಲ್ಲಿ ದಂಡನ್ನು ನೆಲೆಗೊಳಿಸಿದರು. 1864ರಲ್ಲಿ ಜೋಲಾರಪೇಟೆಯಿಂದ ದಂಡಿನವರೆಗೆ ಉಗಿಬಂಡಿ ಬಂದಿತು. ಕೃಷ್ಣರಾಜಪುರದ ಕಡೆಯಿಂದ ಬರುವ ಈ ಕಬ್ಬಿಣದ ಹಾದಿಯೇ ಪೂರ್ವ ಬೆಂಗಳೂರಿನ ನಿಜವಾದ ರಾಜಬೀದಿಯೆಂದು ಹೇಳಬಹುದು. ಮದರಾಸಿನ ಬಂದರಿನಲ್ಲಿ ಇಳಿದ ಯಂತ್ರಗಳೂ ಉಕ್ಕಿನ ತೊಲೆಗಳೂ ಈ ಹಾದಿಯಲ್ಲಿಯೇ ಇಲ್ಲಿಗೆ ತಲುಪುತ್ತಿದ್ದುವು. 1898ರಲ್ಲಿ ಪ್ಲೇಗುಮಾರಿಯು ಊರನ್ನೂ ದಂಡನ್ನೂ ಹೊಕ್ಕು ಅಪಾರ ಪ್ರಾಣಹಾನಿಯನ್ನು ಮಾಡಿತು. ಬ್ಲ್ಯಾಕ್‌ಪಲ್ಲಿಯೆಂದು ಹೆಸರಿದ್ದ ಇಂದಿನ ಶಿವಾಜಿನಗರದ ಇಕ್ಕಟ್ಟಿನ ಓಣಿಗಳಿಂದ ಜನರನ್ನು ವಿರಳಗೊಳಿಸುವುದಕ್ಕಾಗಿ ರೈಲುಹಾದಿಯ ಆಚೆಗೆ ಹೊಸ ಬಡಾವಣೆಗಳು ಹುಟ್ಟಿದುವು. ಅವುಗಳಲ್ಲಿ 1910ರ ಹೊತ್ತಿಗೆ ಸಿದ್ಧವಾದ ಫ್ರೇಜರ್ ಟೌನು, ಅಂದರೆ ಇಂದಿನ ಪುಲಿಕೇಶಿನಗರವು, ರೆಸಿಡೆಂಟರಾಗಿದ್ದ ಸ್ಟೂವರ್ಟ್ ಫ್ರೇಜರರ ಹೆಸರನ್ನು ಪಡೆಯಿತು.

ಈ ಬಡಾವಣೆಗಳ ಮಗ್ಗುಲಲ್ಲಿ, ರೈಲುಹಾದಿಗೆ ಸಮೀಪವಾಗಿ, 1912ರಲ್ಲಿ ಪೆನಿನ್ಸುಲರ್ ಟೊಬ್ಯಾಕೋ ಕಂಪನಿಯ ಸಿಗರೇಟು ಕಾರ್ಖಾನೆಯು ಸ್ಥಾಪಿತವಾಯಿತು. ಇದೇ ಕಂಪನಿಯು 1907ರಲ್ಲಿ ಬಿಹಾರದ ಮುಂಗೇರದಲ್ಲಿ ತನ್ನ ಮೊದಲನೆಯ ಕಾರ್ಖಾನೆಯನ್ನು ತೆರೆದಿದ್ದಿತು. ಸರಕನ್ನು ಮಾರುವುದಕ್ಕಾಗಿ 1910ರಲ್ಲಿ ಕಲ್ಕತ್ತೆಯಲ್ಲಿ ಇಂಪೀರಿಯಲ್ ಟೊಬ್ಯಾಕೋ ಕಂಪನಿಯು ಹುಟ್ಟಿತು. ರಾಧಾಬಜಾರಿನ ಗಲ್ಲಿಯಲ್ಲಿ ಬಾಡಿಗೆಯ ಕಚೇರಿಯೊಂದರಲ್ಲಿ ಆರಂಭವಾದ ಆ ಕಂಪನಿಯು 1926ರಲ್ಲಿ ಚೌರಂಗಿಯಲ್ಲಿ 3,10,000 ರೂಪಾಯಿಗಳಿಗೆ ನಿವೇಶನವನ್ನು ಕೊಂಡು, ಎರಡು ವರ್ಷಗಳಲ್ಲಿ ‘ವರ್ಜೀನಿಯಾ ಹೌಸ್’ ಎಂಬ ಭವನವನ್ನು ಎತ್ತಿಸಿತು. ಹೊಗೆಸೊಪ್ಪಿನ ಜಾತಿಯ ಹೆಸರೇ ಮನೆಗೆ ಹೆಸರಾಯಿತು! ಕಂಪನಿಯು 1970ರಲ್ಲಿ ಇಂಡಿಯಾ ಟೊಬ್ಯಾಕೋ ಎಂದೂ 1974ರಲ್ಲಿ ಐ.ಟಿ.ಸಿ. ಎಂದೂ ಹೆಸರನ್ನು ಬದಲಿಸಿಕೊಂಡಿತು. ಬೆಂಗಳೂರಿನಲ್ಲಿ ಸಿಗರೇಟಿನ ತಯಾರಿಕೆಯು ಈಗ ಊರ ಉತ್ತರಕ್ಕೆ ಮೀನಕುಂಟೆಯ ಕಡೆಗೆ ಸಾಗಿಹೋಗಿದೆ. ಬಾಣಸವಾಡಿ ರಸ್ತೆಯ ಹಳೆಯ ಆವರಣದಲ್ಲಿ ಗಣಕಯಂತ್ರಗಳ ಕೆಲಸ ಮಾಡುವ ಕಚೇರಿಗಳಿವೆ. ಸಮೀಪದ ಮೇಲ್ಸೇತುವೆಯನ್ನು ಜನರು ಇನ್ನೂ ಐ.ಟಿ.ಸಿ. ಸೇತುವೆಯೆಂದೇ ಕರೆಯುತ್ತಾರೆ. ಯಂತ್ರವು ಹೋದರೂ ಹೆಸರು ನಿಂತಿರುವುದುಂಟು.

ಆ ಕಾಲದ ಕಾರ್ಖಾನೆಯ ಕಚೇರಿಗಳನ್ನು ನೋಡುವ ಕ್ರಮವನ್ನು ಈಗ ಹೇಳುತ್ತೇನೆ. ಮನೆಯ ಮಕ್ಕಳನ್ನು ಕರೆದುಕೊಂಡು ದಂಡಿನ ಬೀದಿಗಳಲ್ಲಿ ಅಡ್ಡಾಡುವಾಗ ಇದು ಉಪಯೋಗಕ್ಕೆ ಬರಬಹುದು.

ಮೊದಲನೆಯದು, ಗೋಡೆ. ನಮ್ಮ ದೇಶದಲ್ಲಿ ಸಿಮೆಂಟಿನ ತಯಾರಿಕೆಯು ನೆಲೆಗೊಂಡುದು 1914ರಲ್ಲಿ, ಪೋರಬಂದರಿನ ಕಾರ್ಖಾನೆಯಿಂದ. ಆದುದರಿಂದ ಅದಕ್ಕೆ ಹಿಂದಿನ ಕಟ್ಟಡಗಳು ಬಹುಮಟ್ಟಿಗೆ ಸುಣ್ಣದ ಗಾರೆಯವು. ಬೆಂಗಳೂರಿನ ಸುತ್ತಲೂ ಹೇರಳವಾಗಿ ದೊರೆಯುವ ಬೆಣಚುಕಲ್ಲನ್ನು ಅಡಿಪಾಯಕ್ಕೂ ಕೆಳಗಿನ ವರಸೆಗಳಿಗೂ ಇಟ್ಟು, ಮೇಲೆ ಇಟ್ಟಿಗೆಯನ್ನು ಕಟ್ಟಿ, ಸುಣ್ಣವನ್ನು ಬಳಿಯುವುದು ಪದ್ಧತಿ. ಸುಣ್ಣದ ಗೋಡೆಯು ತೇವವನ್ನು ಹೀರಿ ಮತ್ತೆ ಹೊರಕ್ಕೆ ಬಿಡಬಲ್ಲುದು. ಅಂತಹ ಗೋಡೆಯನ್ನು ಇಂದಿನ ಸಿಮೆಂಟಿನಿಂದ ಮೆತ್ತಿದರೆ ತೇವವು ಒಳಗೇ ಸಿಕ್ಕಿ ಇಟ್ಟಿಗೆಯು ಪುಡಿಯಾಗುತ್ತದೆ. ಒಳ್ಳೆಯ ಮನಸ್ಸಿನಿಂದ ಮಾಡಿದ ದುರಸ್ತಿಯೇ ಎಷ್ಟೋ ಹಳೆಯ ಕಟ್ಟಡಗಳಿಗೆ ಮೃತ್ಯುವಾಗಿದೆ.

ಎರಡನೆಯದು, ಮಾಳಿಗೆ. ಮೂರು ಬಗೆಯ ಮಾಳಿಗೆಗಳನ್ನು ಗುರುತಿಸಬಹುದು. ಒಂದು, ಮದರಾಸು ತಾರಸಿ: ಮರದ ತೊಲೆಗಳ ಮೇಲೆ ತೆಳುವಾದ ಚಿಕ್ಕ ಇಟ್ಟಿಗೆಗಳನ್ನು ಅಂಚಿನ ಮೇಲೆ ಓರೆಯಾಗಿ ನಿಲ್ಲಿಸಿ ಸುಣ್ಣದಿಂದ ಬಿಗಿದು, ಮೇಲೆ ಇಟ್ಟಿಗೆ ಜಲ್ಲಿಯ ಗಾರೆಯನ್ನು ಹರಡಿ ದಿನಗಟ್ಟಲೆ ಬಡಿಯುವುದು. ಈ ಗಾರೆಗೆ ಬೆಲ್ಲದ ನೀರನ್ನೂ ಅಳಲೆಕಾಯಿಯ ಕಷಾಯವನ್ನೂ ಸೇರಿಸುತ್ತಿದ್ದರು. ಬಡಿಯುವ ಕೆಲಸವನ್ನು ಬಹುಶಃ ಹೆಂಗಸರೇ ಸಾಲಾಗಿ ಕುಳಿತು ಮಾಡುತ್ತಿದ್ದರು. ಎರಡನೆಯದು, ಉಕ್ಕಿನ ತೊಲೆಗಳ ನಡುವೆ ಸಣ್ಣ ಸಣ್ಣ ಇಟ್ಟಿಗೆಯ ಕಮಾನುಗಳನ್ನು ಹಾಕಿದ ಮಾಳಿಗೆ. ತಲೆಯೆತ್ತಿ ನೋಡಿದರೆ ಅಲೆಯಲೆಯಾಗಿ ಕಾಣುವುದು. ಜಮಶೇಟಜಿ ಟಾಟಾರವರು ಕಂಡ ಕನಸು ಸಾಕ್‌ಚಿಯಲ್ಲಿ ಉಕ್ಕಾಗಿ ಹರಿದುದು 1912ರಲ್ಲಿ. ಅದಕ್ಕೆ ಮುಂಚಿನ ತೊಲೆಗಳು ಬಹುಮಟ್ಟಿಗೆ ವಿಲಾಯಿತಿಯಿಂದ ಬಂದುವು, ಕೆಲವುಗಳ ಮೇಲೆ ತಯಾರಿಸಿದವರ ಹೆಸರು ಉಬ್ಬಕ್ಷರಗಳಲ್ಲಿ ಇಂದಿಗೂ ಕಾಣುತ್ತದೆ. ಮೂರನೆಯದು, ಮಂಗಳೂರು ಹೆಂಚಿನ ಇಳಿಜಾರು ಮಾಡು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಆರಂಭಿಸಿದ ಹೆಂಚಿನ ಉದ್ಯಮವು ದಂಡಿನ ಬಂಗಲೆಗೂ ಕಾರ್ಖಾನೆಗೂ ಒಂದೇ ಕೆಂಪು ಟೋಪಿಯನ್ನು ತೊಡಿಸಿತು.

ಮೂರನೆಯದು, ಬೆಳಕು. ಶಿವಸಮುದ್ರದ ವಿದ್ಯುಚ್ಛಕ್ತಿಯು 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ಹೋಯಿತು. ಬೆಂಗಳೂರಿನಲ್ಲಿ ದೀಪ ಹೊತ್ತಿದುದು 1905ರಲ್ಲಿ. ಗುಮಾಸ್ತನ ಮೇಜಿನ ಮೇಲೆ ವಿದ್ಯುದ್ದೀಪವಿಡುವುದು ಆಗ ಸುಲಭದ ಮಾತಲ್ಲ. ಆದುದರಿಂದ ಕಚೇರಿಯ ಕೋಣೆಗಳು ಅಗಲ ಕಡಿಮೆಯಾಗಿ ಉದ್ದವಾಗಿರುತ್ತವೆ. ಕಿಟಕಿಗಳು ಎತ್ತರವಾಗಿ, ಮೇಲೆ ಬಿಸಿಗಾಳಿ ಹೋಗಲು ಗವಾಕ್ಷಗಳೊಡನೆ ಇರುತ್ತವೆ. ಮುಂದೆ ಬಿಸಿಲನ್ನು ತಡೆಯುವ ಪಡಸಾಲೆಯಿರುತ್ತದೆ. ಹಿಂಭಾಗದ ಕೆಲಸದ ಶಾಲೆಯ ಮಾಡನ್ನಾದರೋ ಗರಗಸದ ಹಲ್ಲಿನಂತೆ ಮಡಿಸಿ, ಕಡಿದಾದ ಪಕ್ಕಕ್ಕೆ ಗಾಜನ್ನು ಹಾಕಿ, ಆ ಗಾಜನ್ನು ಉತ್ತರಕ್ಕೆ ತಿರುಗಿಸುವರು. ನಮ್ಮ ಅಕ್ಷಾಂಶದಲ್ಲಿ ವರ್ಷದ ಬಹುಭಾಗ ಉತ್ತರದಿಂದ ನೇರವಾದ ಬಿಸಿಲು ಬಾರದೆ ಸಮನಾದ ತಂಪು ಬೆಳಕು ಮಾತ್ರ ಬರುತ್ತದೆ. ಅಕ್ಷಪಟಲವು ಪೂರ್ವಕ್ಕೋ ಉತ್ತರಕ್ಕೋ ಮುಖಮಾಡಿರಲೆಂದು ಹೇಳಿದವನಿಗೆ ಇದೇ ಕಾರಣವು ಮನಸ್ಸಿನಲ್ಲಿದ್ದಿತೆಂದು ನಾನು ಸಾಧಿಸಲಾರೆ. ಆದರೆ ಬರೆಯುವವನ ಕಣ್ಣಿಗೆ ಆ ದಿಕ್ಕುಗಳು ಹಿತವೆಂಬುದು ಅನುಭವಸಿದ್ಧ.

ನಾಲ್ಕನೆಯದು, ಬಾಗಿಲುಗಳು. ಇದು ಎಲ್ಲಕ್ಕಿಂತ ಹೆಚ್ಚಾಗಿ ಗಮನಿಸತಕ್ಕ ಅಂಶ. ಇಂತಹ ಕಚೇರಿಗಳಲ್ಲಿ ದೊರೆಗಳಿಗೆ ಮೆಟ್ಟಿಲುಗಳುಳ್ಳ ಮುಂಬಾಗಿಲು, ಗುಮಾಸ್ತರಿಗೆ ಪಕ್ಕದ ಬಾಗಿಲು, ಕೆಲಸಗಾರರಿಗೆ ಕಬ್ಬಿಣದ ಗೇಟು, ಹೀಗೆ ಮೂರು ದಾರಿಗಳಿರುವುದು ಸಾಮಾನ್ಯ. ಯಜಮಾನನ ಕೋಣೆಯ ಕಿಟಕಿಯು ಗೇಟಿನ ಕಡೆಗೆ ತೆರೆದಿರುವುದು. ಯಾರು ತಡವಾಗಿ ಬಂದರೆಂದು ಕುಳಿತಲ್ಲಿಯೇ ಕಾಣಬೇಕಲ್ಲವೆ? ಗಡಿಯಾರವು ಕಟ್ಟಡದ ನೆತ್ತಿಯ ಮೇಲೆ, ಎಲ್ಲರಿಗೂ ಕಾಣುವಂತೆ. ಸಂಬಳದ ಕಿಟಕಿಯು ಮಾತ್ರ ಚಿಕ್ಕದು, ತಗ್ಗಿನಲ್ಲಿರುವುದು, ಪಡೆಯುವವನು ತಲೆಬಾಗಿಸಲೇಬೇಕು. ಯಾರೂ ಪುಸ್ತಕದಲ್ಲಿ ಬರೆಯದ ಚರಿತ್ರೆಯನ್ನು ಕಲ್ಲುಗಾರೆಗಳು ಹೀಗೆ ಬರೆದಿಟ್ಟಿರುತ್ತವೆ. ಯಾರು ಯಾರನ್ನು ಹೇಗೆ ಕಂಡರು ಎಂಬುದಕ್ಕೆ ಇದಕ್ಕಿಂತ ನಿಷ್ಪಕ್ಷಪಾತವಾದ ಸಾಕ್ಷಿ ಬೇರೆ ಇಲ್ಲ.

ಹೊರದೇಶಗಳಲ್ಲಿ ಇದೇ ಕಾಲದಲ್ಲಿ ನಡೆದ ಎರಡು ಸಂಗತಿಗಳನ್ನು ಹೋಲಿಸಿ ನೋಡುವುದು ಬೋಧಪ್ರದವಾಗಿದೆ. ಅಮೆರಿಕದ ಬಫೆಲೊ ನಗರದಲ್ಲಿ ಲಾರ್ಕಿನ್ ಎಂಬ ಸಾಬೂನಿನ ಕಂಪನಿಯಿದ್ದಿತು. ಅಂಚೆಯ ಮೂಲಕ ವ್ಯಾಪಾರವನ್ನು ನಡೆಸಿ ಶ್ರೀಮಂತವಾಗಿದ್ದಿತು. ಅದರ ಕಚೇರಿಯನ್ನು ಫ್ರಾಂಕ್ ಲಾಯ್ಡ್ ರೈಟ್ ಎಂಬ ವಾಸ್ತುಶಿಲ್ಪಿಯು ರಚಿಸಿ 1906ರಲ್ಲಿ ಮುಗಿಸಿದನು. ಸುಮಾರು 1,800 ಮಂದಿ ಕೆಲಸಮಾಡುತ್ತಿದ್ದ ಆ ಮನೆಯ ನಡುವೆ, ಐದು ಅಂತಸ್ತುಗಳ ಎತ್ತರಕ್ಕೆ, ಮೇಲಿನಿಂದ ಬೆಳಕು ಇಳಿದುಬರುವ ತೊಟ್ಟಿಯಿದ್ದಿತು. ನಮ್ಮ ತೊಟ್ಟಿಯ ಮನೆಗಳ ಅಂಗಳವನ್ನು ಗಾಜಿನಿಂದ ಮುಚ್ಚಿದಂತೆ ಎಂದು ಭಾವಿಸಿಕೊಳ್ಳಿ. ಪಕ್ಕದ ರೈಲುಹಾದಿಯ ಹೊಗೆ ಒಳಬಾರದಂತೆ ಗಾಳಿಯನ್ನು ಶೋಧಿಸಿ ತಂಪುಮಾಡಿ ಒಳಕ್ಕೆ ಬಿಡುತ್ತಿದ್ದರು. ಮೇಜು ಕುರ್ಚಿಗಳನ್ನೂ ಆ ಶಿಲ್ಪಿಯೇ ಲೋಹದಲ್ಲಿ ಮಾಡಿಸಿದ್ದನು. ಕಂಪನಿಯು ಕ್ಷೀಣಿಸಿತು, ಕಟ್ಟಡವು ಕೈಬದಲಾಯಿತು, 1950ರಲ್ಲಿ ಅದನ್ನು ಕೆಡವಿಹಾಕಿದರು. ಉಳಿದುದು ಬೇಲಿಯ ಒಂದು ಇಟ್ಟಿಗೆಯ ಕಂಬ ಮಾತ್ರ. ಇಂದು ಜಗತ್ತಿನ ವಾಸ್ತುವಿದ್ಯಾರ್ಥಿಗಳೆಲ್ಲರೂ ಆ ಕಟ್ಟಡವನ್ನು ಛಾಯಾಚಿತ್ರಗಳಲ್ಲಿ ಓದುತ್ತಾರೆ, ಹೋಗಿ ನೋಡುವಂತಿಲ್ಲ.

ಎರಡನೆಯದು ಬರ್ಲಿನಿನ ಕಥೆ. ವಿದ್ಯುದ್ಯಂತ್ರಗಳನ್ನು ತಯಾರಿಸುತ್ತಿದ್ದ ಎ.ಇ.ಜಿ. ಕಂಪನಿಯು ಪೀಟರ್ ಬೆಹ್ರೆನ್ಸ್ ಎಂಬ ಕಲಾವಿದನನ್ನು ಕರೆಯಿಸಿ, ಕಾರ್ಲ್ ಬರ್ನ್‌ಹಾರ್ಡ್ ಎಂಬ ಎಂಜಿನಿಯರನ ನೆರವಿನೊಡನೆ, 1909ರಲ್ಲಿ ಟರ್ಬೈನುಗಳ ಶಾಲೆಯೊಂದನ್ನು ಕಟ್ಟಿಸಿತು. ಉದ್ದ 123 ಮೀಟರು, ಎತ್ತರ ಸುಮಾರು 25 ಮೀಟರು; ಉಕ್ಕು, ಗಾಜು, ಕಾಂಕ್ರೀಟುಗಳಿಂದಾದ ಒಂದು ದೇವಾಲಯವೋ ಎಂಬಂತಹ ಮುಖ. ಕಾರ್ಖಾನೆಯೂ ಸುಂದರವಾಗಿರಬಹುದೆಂಬ ಮಾತನ್ನು ಅದು ಲೋಕಕ್ಕೆ ಒಪ್ಪಿಸಿತು. ಆ ಕಟ್ಟಡವನ್ನು 1956ರಿಂದ ಸ್ಮಾರಕವೆಂದು ರಕ್ಷಿಸಿದ್ದಾರೆ. ಆದರೆ ಬೀಗಹಾಕಿ ಇಟ್ಟಿಲ್ಲ; ಅಲ್ಲಿ ಟರ್ಬೈನುಗಳ ಕೆಲಸವು ಇನ್ನೂ ನಡೆಯುತ್ತಲೇ ಇದೆ.

ಈ ಎ.ಇ.ಜಿ. ಎಂಬ ಹೆಸರು ಪೂರ್ವ ಬೆಂಗಳೂರಿನವರಿಗೆ ಅಪರಿಚಿತವಲ್ಲ. ಇಂದಿರಾನಗರದಿಂದ ಕೃಷ್ಣರಾಜಪುರದ ಕಡೆಗೆ ಹೋಗುವ ಹಳೆಯ ಮದರಾಸು ರಸ್ತೆಯಲ್ಲಿ, ಬೈಯಪ್ಪನಹಳ್ಳಿಯ ಬಳಿ, ಸ್ವಾತಂತ್ರ್ಯಾನಂತರ ನೆಲೆಗೊಂಡ ಎನ್.ಜಿ.ಇ.ಎಫ್. ಕಾರ್ಖಾನೆಗೆ ತಾಂತ್ರಿಕ ಸಹಾಯವನ್ನಿತ್ತುದು ಇದೇ ಜರ್ಮನ್ ಸಂಸ್ಥೆ. ಬರ್ಲಿನಿನ ಆ ಶಾಲೆಗೂ ನಮ್ಮ ಬೈಯಪ್ಪನಹಳ್ಳಿಗೂ ಹೀಗೊಂದು ಗುರುಪರಂಪರೆಯುಂಟು. ಬೆಂಗಳೂರಿನ ಎಷ್ಟೋ ಮಧ್ಯಮವರ್ಗದ ಸಂಸಾರಗಳು ಆ ಕಾರ್ಖಾನೆಯ ಅನ್ನವನ್ನುಂಡು, ಮಕ್ಕಳನ್ನು ಓದಿಸಿ, ಮನೆಗಳನ್ನು ಕಟ್ಟಿಕೊಂಡುವು. 2002ರಲ್ಲಿ ಅದು ಮುಚ್ಚಿಹೋಯಿತು. 2011ರಲ್ಲಿ ನಗರದ ಮೊದಲನೆಯ ಮೆಟ್ರೋ ರೈಲು ಬೈಯಪ್ಪನಹಳ್ಳಿಯಿಂದಲೇ ಹೊರಟಿತು. ಹಳೆಯ ಶಾಲೆಗಳ ನಡುವೆ ಮರಗಳು ಬೆಳೆದು ನಿಂತಿರುವ ಆ ಭೂಮಿಯಲ್ಲಿ ಉದ್ಯಾನವನ್ನು ಮಾಡುವ ಪ್ರಸ್ತಾಪವೂ ಬಂದಿದೆ. ಮರಗಳು ಉಳಿಯಲಿ, ಸಂತೋಷ. ಆದರೆ ಮರದ ನೆರಳಿನಲ್ಲಿ ಕೂರುವ ಮಗುವಿಗೆ ಇಲ್ಲಿ ಟ್ರಾನ್ಸ್‌ಫಾರ್ಮರುಗಳು ಹುಟ್ಟುತ್ತಿದ್ದುವೆಂದು ಹೇಳುವ ಒಂದು ಗೋಡೆಯಾದರೂ ಉಳಿಯಬೇಡವೆ?

ಇಲ್ಲಿ ಎರಡು ಆಕ್ಷೇಪಗಳು ಏಳುವುವು, ಎರಡೂ ಬಲವಾದುವೇ. ಮೊದಲನೆಯದು: ಹೊಗೆಸೊಪ್ಪು ಆರೋಗ್ಯವನ್ನು ಕೆಡಿಸುವ ವಸ್ತು, ಅದನ್ನು ಸುತ್ತಿ ಮಾರಿದವರ ಮನೆಯನ್ನೇಕೆ ಗೌರವಿಸಬೇಕು? ಸ್ಮರಣೆಯು ಬೇರೆ, ಸ್ತುತಿಯು ಬೇರೆ ಎಂದು ನನ್ನ ಉತ್ತರ. ಕೋಲಾರದ ಗಣಿಗಳು 2001ರಲ್ಲಿ ನಿಂತುಹೋದುವು; ಅಲ್ಲಿನ ಸಯನೈಡು ಮಣ್ಣಿನ ದಿಬ್ಬಗಳು ಗಾಳಿಯಲ್ಲಿ ಧೂಳನ್ನೆಬ್ಬಿಸುತ್ತ ಇನ್ನೂ ನಿಂತಿವೆ. ಚಿನ್ನದ ಹೊಳಪನ್ನು ಮಾತ್ರ ನೆನೆದು ಧೂಳನ್ನು ಮರೆಯುವುದು ಹೇಗೆ ಸತ್ಯವಲ್ಲವೋ, ಧೂಳನ್ನು ದೂಷಿಸಿ ಅಲ್ಲಿ ದುಡಿದವರನ್ನು ಮರೆಯುವುದೂ ಹಾಗೆಯೇ ಸತ್ಯವಲ್ಲ. ಕಟ್ಟಡವನ್ನು ಉಳಿಸಿದರೆ ಎರಡನ್ನೂ ಅದರ ಗೋಡೆಯ ಮೇಲೆಯೇ ಬರೆಯಬಹುದು. ಕೆಡವಿದರೆ ಗುಣವೂ ಹೋಗುವುದು, ದೋಷದ ಸಾಕ್ಷಿಯೂ ಹೋಗುವುದು.

ಎರಡನೆಯ ಆಕ್ಷೇಪ: ನೆಲದ ಬೆಲೆ ಆಕಾಶಕ್ಕೇರಿರುವಾಗ ಒಂದೆರಡು ಅಂತಸ್ತಿನ ಹಳೆಯ ಮನೆಯನ್ನು ಯಾರು ಸಾಕುವರು? ಇದಕ್ಕೆ ಬರ್ಲಿನಿನಲ್ಲಿಯೇ ಉತ್ತರವಿದೆ: ಕೆಲಸ ನಡೆಯುತ್ತಿರುವ ಕಟ್ಟಡವೇ ಬಾಳುವ ಕಟ್ಟಡ. ನಮ್ಮ ಊರಿನಲ್ಲಿಯೂ ಉದಾಹರಣೆಯುಂಟು. 1868ರಲ್ಲಿ ಮುಗಿದ ಅಠಾರಾ ಕಚೇರಿಯನ್ನು ಕಟ್ಟಿಸುವ ಗುತ್ತಿಗೆಯನ್ನು ವಹಿಸಿದ್ದವರು ದಂಡಿನ ಆರ್ಕಾಟು ನಾರಾಯಣಸ್ವಾಮಿ ಮೊದಲಿಯಾರರು. ಹಲಸೂರಿನ ಕೆರೆಯ ಬಳಿ ಅವರ ಧರ್ಮದ ಶಾಲೆಗಳು ಇಂದಿಗೂ ನಡೆಯುತ್ತಿವೆ. ಆ ಕಚೇರಿಯನ್ನು ಕೆಡವಬೇಕೆಂಬ ಪ್ರಸ್ತಾಪವು 1980ರ ದಶಕದಲ್ಲಿ ಬಂದಾಗ ನಾಗರಿಕರು ನ್ಯಾಯಾಲಯದ ಮೊರೆಹೊಕ್ಕರು. ಕಟ್ಟಡವು ಉಳಿಯಿತು; ಅದರೊಳಗೆ ಉಚ್ಚ ನ್ಯಾಯಾಲಯವೇ ಕೆಲಸಮಾಡುತ್ತಿದೆ. ಕೇಂದ್ರದ 1958ರ ಕಾಯಿದೆಯು ನೂರು ವರ್ಷ ಬಾಳಿದುದನ್ನು ಪ್ರಾಚೀನ ಸ್ಮಾರಕವೆಂದು ಎಣಿಸುತ್ತದೆ. 1912ರ ಗೋಡೆಗಳು ಆ ಗಡಿಯನ್ನು ದಾಟಿ ಹತ್ತು ವರ್ಷಗಳ ಮೇಲಾಯಿತು. ಆದರೆ ವಯಸ್ಸಾದ ಮಾತ್ರಕ್ಕೆ ರಕ್ಷಣೆ ದೊರೆಯದು. ಯಾರಾದರೂ ಕೇಳಬೇಕು, ಸರಕಾರವು ಘೋಷಿಸಬೇಕು.

ಕಚೇರಿಯ ಮನೆಯು ಹೋದರೆ ಹೋಗುವುದು ಗೋಡೆ ಮಾತ್ರವಲ್ಲವೆಂಬುದಕ್ಕೆ ನಾನು ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ನನ್ನ ಹಳೆಯ ಶಿಷ್ಯನೊಬ್ಬನ ತಂದೆ ಒಂದು ಗಿರಣಿಯಲ್ಲಿ ಇಪ್ಪತ್ತೈದು ವರ್ಷಗಳಿಗೂ ಮೇಲ್ಪಟ್ಟು ದುಡಿದವರು. ಅವರು ತೀರಿಕೊಂಡ ಮೇಲೆ ಆ ತಾಯಿಗೆ ಬರಬೇಕಾದ ಅಲ್ಪ ಹಣಕ್ಕಾಗಿ, ಯಜಮಾನರು ಕೆಲಸಕ್ಕೆ ಸೇರಿದ ವರ್ಷಕ್ಕೆ ಆಧಾರ ಬೇಕಾಯಿತು. ಗಿರಣಿಯು ಮುಚ್ಚಿದ್ದಿತು, ಕಚೇರಿಯನ್ನು ಕೆಡವಿದಾಗ ನೌಕರರ ದಾಖಲೆಯ ಪುಸ್ತಕಗಳನ್ನು ರದ್ದಿಯವನಿಗೆ ತೂಕಕ್ಕೆ ಹಾಕಿದ್ದರು. ತಾಯಿಯೂ ಮಗನೂ ಆರು ತಿಂಗಳು ಅಲೆದು, ಕೊನೆಗೆ ನಮ್ಮ ಶಾಲೆಗೆ ಬಂದರು. ಮಗನನ್ನು ಶಾಲೆಗೆ ಸೇರಿಸಿದ ವರ್ಷದ ದಾಖಲಾತಿ ಪುಸ್ತಕವನ್ನು ಬೀರುವಿನಿಂದ ತೆಗೆದು ನೋಡಿದರೆ, ತಂದೆಯ ಉದ್ಯೋಗವೆಂಬ ಅಂಕಣದಲ್ಲಿ ಗಿರಣಿಯ ಹೆಸರೂ ಅವರ ಕೆಲಸದ ವಿಭಾಗವೂ ಬರೆದಿದ್ದಿತು. ಅದು ಪೂರ್ಣವಾದ ಪ್ರಮಾಣವಲ್ಲ. ಆದರೆ ಮುಂದಿನ ವಿಚಾರಣೆಗೆ ಅಷ್ಟೇ ಹಿಡಿಯಾಯಿತು. “ನಮ್ಮ ಯಜಮಾನರು ಅಲ್ಲಿದ್ದರು ಅನ್ನೋದನ್ನ ನಿಮ್ಮ ಪುಸ್ತಕವಾದರೂ ಹೇಳಿತಲ್ಲ, ಮೇಷ್ಟ್ರೇ” ಎಂದು ಆ ತಾಯಿ ಹೇಳಿದ ಮಾತನ್ನು ನಾನು ಮರೆಯಲಾರೆ. ಹಣಕ್ಕಿಂತ ಮೊದಲು ಆಕೆಗೆ ಬೇಕಾಗಿದ್ದುದು ಆ ಸಾಕ್ಷಿಯೇ.

ಆದುದರಿಂದ ಈ ಪತ್ರಿಕೆಯನ್ನು ಓದುವ ಗೃಹಸ್ಥರಲ್ಲಿಯೂ ಸಹೋದರಿಯರಲ್ಲಿಯೂ ನನ್ನ ಬಿನ್ನಹವಿಷ್ಟೆ. ನಿಮ್ಮ ಮನೆಯಲ್ಲಿ ತಾತನೋ ತಂದೆಯೋ ದೊಡ್ಡಮ್ಮನೋ ಕಾರ್ಖಾನೆಯಲ್ಲಿ ಕೆಲಸಮಾಡಿದವರಿದ್ದರೆ ಅವರ ನೇಮಕದ ಕಾಗದ, ಸಂಬಳದ ಚೀಟಿ, ಬಿಲ್ಲೆ, ಕಚೇರಿಯ ಮೆಟ್ಟಿಲಿನ ಮೇಲೆ ಸಾಲಾಗಿ ನಿಂತು ತೆಗೆಯಿಸಿದ ಛಾಯಾಚಿತ್ರ, ಇವುಗಳನ್ನು ಹಬ್ಬದ ಮುಂದಿನ ಗುಡಿಸಾಟದಲ್ಲಿ ಹೊರಗೆ ಹಾಕಬೇಡಿರಿ. ಚಿತ್ರದ ಹಿಂಭಾಗದಲ್ಲಿ ಹೆಸರುಗಳನ್ನೂ ವರ್ಷವನ್ನೂ ಬರೆದಿಡಿರಿ. ಬದುಕಿರುವ ಹಿರಿಯರನ್ನು ಕೂರಿಸಿಕೊಂಡು, ಯಾವ ಬಾಗಿಲಿನಿಂದ ಒಳಹೋಗುತ್ತಿದ್ದಿರಿ, ಗಂಟೆ ಎಲ್ಲಿ ಹೊಡೆಯುತ್ತಿದ್ದಿತು, ಸಂಬಳವನ್ನು ಎಲ್ಲಿ ಕೊಡುತ್ತಿದ್ದರು ಎಂದು ಕೇಳಿ ಮಕ್ಕಳ ಕೈಯಲ್ಲಿ ಬರೆಯಿಸಿರಿ. ನಿಮ್ಮ ಬೀದಿಯ ಹಳೆಯ ಕಚೇರಿಯೊಂದು ಬೀಳಲಿದೆಯೆಂದು ತಿಳಿದರೆ ನಾಲ್ವರು ಸೇರಿ ಒಂದು ಅರ್ಜಿಯನ್ನಾದರೂ ಹಾಕಿರಿ. ಅದು ಸಾಗದಿದ್ದರೆ ಪುಸ್ತಕಗಳನ್ನು ರದ್ದಿಗೆ ಹಾಕದೆ ದಾಖಲೆಗಳ ಭಂಡಾರಕ್ಕೆ ಒಪ್ಪಿಸುವಂತೆ ಕೇಳಿಕೊಳ್ಳಿರಿ.

ನಮ್ಮ ಆಗಮಗಳಲ್ಲಿ ಜೀರ್ಣೋದ್ಧಾರವೆಂಬ ಕರ್ಮವಿದೆ. ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದು ಹೊಸತನ್ನು ಕಟ್ಟುವುದಕ್ಕಿಂತ ಹೆಚ್ಚಿನ ಪುಣ್ಯವೆಂದು ಹಿರಿಯರು ತಿಳಿದಿದ್ದರು. ಆ ಮಾತು ದೇವಾಲಯವನ್ನು ಕುರಿತದ್ದು, ನಿಜ. ಆದರೆ ದುಡಿಮೆಯೂ ಪೂಜೆಯೆಂದು ಬಾಯಲ್ಲಿ ಹೇಳುವ ನಾವು ದುಡಿಮೆಯ ಮನೆಗೆ ಆ ಪುಣ್ಯದ ಒಂದು ಪಾಲನ್ನಾದರೂ ಸಲ್ಲಿಸುವುದು ನ್ಯಾಯವಾಗಿದೆ. ಮುಂದಿನ ಸಲ ಬೆಂಗಳೂರು ಪೂರ್ವ ನಿಲ್ದಾಣವನ್ನು ಹಾದು ಕೃಷ್ಣರಾಜಪುರದ ಕಡೆಗೆ ರೈಲಿನಲ್ಲಿ ಹೋಗುವಾಗ ಕಿಟಕಿಯಿಂದ ಹೊರಗೆ ನೋಡಿರಿ. ಎತ್ತರದ ಗಾಜಿನ ಮನೆಗಳ ನಡುವೆ ಹಳೆಯ ಇಟ್ಟಿಗೆಯ ಗೋಡೆಯೊಂದು ಕಂಡರೆ, ಅದು ಯಾರ ದುಡಿಮೆಯದೆಂದು ಪಕ್ಕದಲ್ಲಿ ಕುಳಿತ ಮಗುವಿಗೆ ಹೇಳಿರಿ.